ಸ್ಕೂಲ್ ಗೇಟ್ ಹತ್ರ ಗುಂಪು ಕಟ್ಕೊಂಡು ನಿಲ್ಲೋ ಅಮ್ಮಂದಿರು ನನ್ನನ್ನ ಮಾತೇ ಆಡ್ಸಲ್ಲ, ಮಗಳ ಸ್ಕೂಲ್ ಬದಲಾಯಿಸ್ಬೇಕಾ?

ನಿಮ್ಮ ಪ್ರಶ್ನೆ ಪೂರ್ತಿ ಓದ್ದೆ. ಶಿವಮೊಗ್ಗದಿಂದ ಬೆಂಗಳೂರಿಗೆ ಬಂದು ಮಗಳನ್ನ ಯುಕೆಜಿಗೆ ಸೇರ್ಸಿದೀರ, ಬಿಡೋಕೆ ಕರ್ಕೊಂಡ್ ಬರೋಕೆ ಹೋದಾಗ ಐದಾರು ಜನ ಅಮ್ಮಂದಿರು ಬೆನ್ನು ಹಾಕ್ಕೊಂಡು ನಿಂತಿರ್ತಾರೆ, ನೀವು ನಕ್ಕರೂ ನಗಲ್ಲ, ಕ್ಲಾಸ್ ಗ್ರೂಪ್ ಬಿಟ್ಟು ಅವರದ್ದೇ ಇನ್ನೊಂದು ವಾಟ್ಸಾಪ್ ಗ್ರೂಪ್ ಇದೆ ಅಂತ ಆಮೇಲೆ ಗೊತ್ತಾಯ್ತು, ಯಾರದ್ದೋ ಬರ್ತ್‌ಡೇಗೆ ಬೆಂಚಲ್ಲಿ ಕೂರೋ ಎಲ್ಲಾ ಮಕ್ಕಳನ್ನೂ ಕರೆದು ನಿಮ್ಮ ಮಗಳೊಬ್ಳನ್ನ ಬಿಟ್ರು, ಹಂಗಾಗಿ ಸ್ಕೂಲ್ ಬದಲಾಯಿಸ್ಬೇಕಾ ಅಂತ ಕೇಳಿದೀರ. ಬೇಡ. ಈ ಒಂದು ಕಾರಣಕ್ಕಂತೂ ಖಂಡಿತ ಬೇಡ. ಕಟ್ಟಿರೋ ಫೀಸು ವಾಪಸ್ ಬರಲ್ಲ, ಮಗು ಈಗಷ್ಟೇ ಮಿಸ್ ಹೆಸರು ಕಲ್ತಿರುತ್ತೆ, ಮೇಲಾಗಿ ಹೊಸ ಸ್ಕೂಲ್ ಗೇಟಲ್ಲೂ ಇದೇ ಐದಾರು ಜನ ಬೇರೆ ಸೀರೆ ಉಟ್ಕೊಂಡು ನಿಂತಿರ್ತಾರೆ.

ನಾನ್ಯಾಕೆ ಇಷ್ಟು ಗ್ಯಾರಂಟಿಯಾಗಿ ಹೇಳ್ತೀನಿ ಅಂದ್ರೆ, ನಾನು ಲೇಡೀಸ್ ಟೈಲರ್, ಬಸವೇಶ್ವರನಗರದ ಕಡೆ ನಮ್ಮ ಅಂಗಡಿ, ನನ್ನ ಇಬ್ಬರು ಮಕ್ಕಳೂ ಓದಿದ್ದು ಅಲ್ಲೇ ಪಕ್ಕದ ರೋಡಿನ ಪ್ರೈವೇಟ್ ಸ್ಕೂಲಲ್ಲಿ. ಆ ಗೇಟ್ ಮುಂದೆ ನಿಲ್ಲೋ ಅಮ್ಮಂದಿರಲ್ಲಿ ಅರ್ಧ ಜನರ ಅಳತೆ ಬ್ಲೌಸ್ ನನ್ನ ಹತ್ರ ಇದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಮೂರು ದಿನ ಇದೆ ಅನ್ನುವಾಗ ಬಂದು, 'ಅಕ್ಕಾ ಪ್ಲೀಸ್ ಅಕ್ಕಾ, ಇದೊಂದು ಲೈನಿಂಗ್ ಹಾಕಿ ಕೊಟ್ಬಿಡಿ, ಫಾಲ್ಸು ಪೀಕೋ ಆಮೇಲೆ ಮಾಡಿದ್ರೂ ಪರ್ವಾಗಿಲ್ಲ' ಅಂತ ಕೈ ಹಿಡ್ಕೊಳ್ಳೋರೇ ಮಾರನೇ ದಿನ ಬೆಳಗ್ಗೆ ಎಂಟೂಕಾಲಿಗೆ ಗೇಟ್ ಹತ್ರ ಎದುರಿಗೆ ಸಿಕ್ಕಿದ್ರೆ ನನ್ನ ತಲೆ ಮೇಲಿಂದ ಹಿಂದಿರೋ ಲೈಟ್ ಕಂಬ ನೋಡ್ತಾರೆ. ಮೊದಮೊದಲು ಕಣ್ಣು ಸರಿ ಕಾಣ್ಸಲ್ವೇನೋ ಅನ್ಕೊಂಡಿದ್ದೆ, ನಿಜವಾಗ್ಲೂ.

ಇದು ನೀವು ಹೆಂಗಿದೀರ ಅನ್ನೋದಕ್ಕೆ ಸಂಬಂಧವೇ ಇಲ್ಲ. ಅದನ್ನ ನಾನು ಎರಡು ಸಲ ನೋಡಿದೀನಿ, ಒಂದೇ ಗೇಟಲ್ಲಿ. ನನ್ನ ಮಗಳು 2014ರಲ್ಲಿ ಎಲ್‌ಕೆಜಿ ಸೇರಿದ್ದು ಆರ್‌ಟಿಇ ಸೀಟಲ್ಲಿ, ಲಾಟರೀಲಿ ಹೆಸರು ಬಂತು. ಗೊತ್ತಿಲ್ದೇ ಇರೋರಿಗೆ ಹೇಳ್ತೀನಿ, ಪ್ರೈವೇಟ್ ಸ್ಕೂಲಲ್ಲಿ ನೂರಕ್ಕೆ 25 ಸೀಟು ಬಡವರ ಮಕ್ಕಳಿಗೆ, ಹಿಂದುಳಿದವರ ಮಕ್ಕಳಿಗೆ ಕೊಡ್ಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ, ಆರ್‌ಟಿಇ ಅಂದ್ರೆ ಅದೇ, ನಮ್ಮ ರಾಜ್ಯದಲ್ಲಿ ಅದು ಶುರುವಾಗಿದ್ದು 2012ರಲ್ಲಿ. ಫೀಸು ಸರ್ಕಾರ ಕಟ್ಟುತ್ತೆ, ಆಗ ವರ್ಷಕ್ಕೆ ಒಂದು ಮಗುವಿಗೆ ಜಾಸ್ತಿ ಅಂದ್ರೆ 11,848 ರೂಪಾಯಿ, ಎಲ್‌ಕೆಜಿ ಯುಕೆಜಿಗೆ ಅದರಲ್ಲಿ ಅರ್ಧ, ಮಿಕ್ಕ ಮಕ್ಕಳು ಅದರ ನಾಲ್ಕೈದು ಪಟ್ಟು ಕಟ್ತಿದ್ರು, ಅದೇ ಸ್ಕೂಲಿನೋರ ಹೊಟ್ಟೆಯುರಿ. ಮೊದಲನೇ ದಿನವೇ ಆಫೀಸಿನೋರು ಹೊರಗೆ ಬಂದು 'ಆರ್‌ಟಿಇ ಪೇರೆಂಟ್ಸ್ ಎಲ್ಲಾ ಈ ಕಡೆ ಬನ್ನಿ' ಅಂತ ಗಟ್ಟಿಯಾಗಿ ಕೂಗಿದ್ರು. ನಾವು ಹತ್ತಿಪ್ಪತ್ತು ಜನ ಆ ಕಡೆ ಹೋದ್ವಿ. ಮುಗೀತು ಅಲ್ಲಿಗೆ. ಯಾರು ಯಾರ ಹತ್ರ ಮಾತಾಡ್ಬೇಕು ಅನ್ನೋದು ಆ ಒಂದು ಕೂಗಲ್ಲೇ ತೀರ್ಮಾನ ಆಯ್ತು, ಆಮೇಲೆ ಮೂರ್ನಾಲ್ಕು ವರ್ಷ ನಾವು ರೋಡಿನ ಆ ಕಡೆ ಎಳನೀರು ಗಾಡಿ ಹತ್ರ ನಿಲ್ತಿದ್ವಿ, ಅವರು ಗೇಟ್ ಪಕ್ಕದ ಹೊಂಗೆ ಮರದ ನೆರಳಲ್ಲಿ. ಅಲ್ಲಿ ಬರ್ಬೇಡಿ ಅಂತ ನಮ್ಗೆ ಯಾರೂ ಹೇಳಿರ್ಲಿಲ್ಲ. ಅದಕ್ಕೂ ಮುಂಚೆ 2012ರಲ್ಲಿ ಬೆಂಗಳೂರಿನ ಒಂದು ಸ್ಕೂಲಲ್ಲಿ ಆರ್‌ಟಿಇ ಮಕ್ಕಳ ಗುರುತಿಗೆ ಅಂತ ಕೂದಲು ಕತ್ತರಿಸಿದ್ರು ಅನ್ನೋ ಆರೋಪ ಪೇಪರಲ್ಲೆಲ್ಲಾ ಬಂದಿತ್ತು, ಅದನ್ನ ಓದಿ ಎದೆ ಡವಡವ ಅಂತಿದ್ದೋರಿಗೆ ನಮ್ ಸ್ಕೂಲಲ್ಲಿ ಬರೀ ಕೂಗಿದ್ರು ಅಷ್ಟೇ ಅಲ್ವಾ ಅಂತ ಸಮಾಧಾನ ಬೇರೆ.

ಆಮೇಲೆ ಮಗನ ಕಾಲಕ್ಕೆ, 2019ರಿಂದ, ಅಕ್ಕಪಕ್ಕ ಸರ್ಕಾರಿ ಸ್ಕೂಲೋ ಅನುದಾನಿತ ಸ್ಕೂಲೋ ಇದ್ರೆ ಪ್ರೈವೇಟಲ್ಲಿ ಆರ್‌ಟಿಇ ಸೀಟಿಲ್ಲ ಅಂತ ರೂಲ್ಸ್ ಬದಲಾಯ್ತು, ಬೆಂಗಳೂರಲ್ಲಿ ಅಂಥ ಸ್ಕೂಲ್ ಇಲ್ದಿರೋ ಏರಿಯಾ ಎಲ್ಲಿದೆ ಹೇಳಿ, ಸೀಟೆಲ್ಲಾ ಮಾಯ. ಅಕ್ಕ ಅದೇ ಸ್ಕೂಲಲ್ಲಿ ಇದಾಳೆ, ತಮ್ಮನ್ನ ಬೇರೆ ಕಡೆ ಹಾಕಿದ್ರೆ ಬಿಡೋದು ಕರೆತರೋದು ಯಾರು, ಅಂತ ಚೀಟಿ ದುಡ್ಡು ಎತ್ತಿ ಪೂರ್ತಿ ಫೀಸು ಕಟ್ಟಿ ಒಂದನೇ ಕ್ಲಾಸಿಗೆ ಸೇರಿಸಿದ್ವಿ. ಈಗ ನೋಡಿ ತಮಾಷೆ. ಅದೇ ನಾನು, ಅದೇ ಹಳೇ ಸ್ಕೂಟಿ, ಅದೇ ಅರೆಬರೆ ಇಂಗ್ಲಿಷು. ಮಗನ ಕ್ಲಾಸಿನ ಅಮ್ಮಂದಿರಿಗೆ ನಾನು ಆರ್‌ಟಿಇ ಅಂತ ಗೊತ್ತೇ ಇಲ್ಲ, 'ಇವ್ರದ್ದು ಬೊಟೀಕ್ ಇದೆಯಂತೆ' ಅಂತ ಯಾರೋ ಹೇಳಿದ್ರಂತೆ (ಎರಡು ಮಷೀನು, ಒಂದು ಇಸ್ತ್ರಿ ಟೇಬಲ್ಲು, ಬೊಟೀಕಂತೆ!), ಎರಡನೇ ವಾರಕ್ಕೇ ಅವರ ಗ್ರೂಪಿಗೆ ಆ್ಯಡ್ ಮಾಡಿದ್ರು. ಹನ್ನೆರಡೂವರೆಗೆ ಮಗಳ ಕ್ಲಾಸಿನೋರ ಲೆಕ್ಕದಲ್ಲಿ ನಾನು ಯಾರೂ ಅಲ್ಲ, ಅದೇ ದಿನ ಮೂರೂವರೆಗೆ ಮಗನ ಕ್ಲಾಸಿನೋರ ಲೆಕ್ಕದಲ್ಲಿ 'ಹಾಯ್ ಡಿಯರ್'. ಅದಾದ್ಮೇಲೆ ನಂಗೆ ಯಾರ ಮುಖ ನೋಡಿದ್ರೂ ಬೇಜಾರೇ ಆಗ್ಲಿಲ್ಲ. ಅವರು ನೋಡ್ತಿರೋದು ನನ್ನನ್ನಲ್ಲ, ನನ್ನ ಮೇಲೆ ಅಂಟಿಸಿರೋ ಚೀಟಿನ.

ಆ ಚೀಟಿ ಬರೆಯೋಕೆ ಅವರು ಕೇಳೋ ಪ್ರಶ್ನೆಗಳೂ ಒಂದೇ ಥರ ಇರುತ್ತೆ, ನಿಮ್ಗೂ ಕೇಳಿರ್ತಾರೆ ನೆನಪು ಮಾಡ್ಕೊಳ್ಳಿ. 'ಎಲ್ಲಿರೋದು ನೀವು?' ಅಂದ್ರೆ ಏರಿಯಾ ಅಲ್ಲ, ಯಾವ ಅಪಾರ್ಟ್‌ಮೆಂಟು. 'ಹಸ್ಬೆಂಡ್ ಎಲ್ಲಿ ವರ್ಕ್ ಮಾಡ್ತಾರೆ?' 'ವ್ಯಾನಾ, ನೀವೇ ಬಿಡ್ತೀರಾ?' ಇವೆಲ್ಲಾ ಸರಿ, ಊರೆಲ್ಲಾ ಕೇಳೋದೇ. ನಂಗೆ ಮೈ ಉರಿಯೋದು ಒಂದಕ್ಕೇ, ಡಬ್ಬಿ ವಿಷಯ ಮಾತಾಡ್ತಾ ಮಾತಾಡ್ತಾ ನಗುನಗುತ್ತಾ 'ನೀವು ವೆಜ್ಜಾ?' ಅಂತಾರಲ್ಲ ಅದು. ಜಾತಿ ಕೇಳೋಕೆ ಇದಕ್ಕಿಂತ ನಯವಾದ ದಾರಿ ಇನ್ನೊಂದಿಲ್ಲ. ನೀವು ಇಲ್ಲ, ನಾವು ಮೊಟ್ಟೆ ಎಲ್ಲಾ ತಿಂತೀವಿ ಅಂದ್ರೆ 'ಓ ಹೌದಾ, ಪರ್ವಾಗಿಲ್ಲ' ಅಂತಾರೆ. ಏನು ಪರ್ವಾಗಿಲ್ಲ? ನಾನೇನು ಕ್ಷಮೆ ಕೇಳಿದ್ನಾ? ಆಮೇಲೆ ನವರಾತ್ರಿಗೆ ಬೊಂಬೆ ನೋಡೋಕೆ ಯಾರನ್ನ ಕರೆದ್ರು, ಶ್ರಾವಣದಲ್ಲಿ ಅರಿಶಿನ ಕುಂಕುಮಕ್ಕೆ ಯಾರಿಗೆ ಫೋನ್ ಹೋಯ್ತು ಅಂತ ನೋಡಿದ್ರೆ ಆ ಪ್ರಶ್ನೆ ಯಾಕೆ ಕೇಳಿದ್ರು ಅಂತ ಅರ್ಥ ಆಗುತ್ತೆ. ಒಂದು ಸಂಕ್ರಾಂತಿಲಿ ನಾನೇ ಕಣ್ಣಾರೆ ನೋಡಿದೀನಿ, ಒಬ್ಬರು ದೊಡ್ಡ ಬ್ಯಾಗಲ್ಲಿ ಎಳ್ಳು ತಂದಿದ್ರು, ತಮ್ಮ ಗುಂಪಿನೋರಿಗೆ ಚಂದದ ಡಬ್ಬಿ, ಒಳಗೆ ಸಕ್ಕರೆ ಅಚ್ಚು, ಕಬ್ಬಿನ ತುಂಡು, ಮೇಲೆ ರಿಬ್ಬನ್ನು. ಮಿಕ್ಕವರಿಗೆ ಅಂಗಡಿ ರೆಡಿಮೇಡ್ ಎಳ್ಳಿನ ಸಣ್ಣ ಪ್ಯಾಕೆಟ್ಟು, ಅದೂ ಆಯಾ ಕೈಲಿ ಕೊಡ್ಸಿದ್ರು. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡ್ಬೇಕಂತೆ ಆ ದಿನ!

ಇದನ್ನ ಬರೀ ಅಮ್ಮಂದಿರ ತಲೆಗೆ ಕಟ್ಟೋದೂ ಅನ್ಯಾಯ ಅನ್ಸುತ್ತೆ ನಂಗೆ. ವಿಂಗಡಣೆ ಶುರುವಾಗೋದು ಆಫೀಸಲ್ಲಿ. ಅಡ್ಮಿಷನ್ ಟೈಮಲ್ಲಿ ಅಪ್ಪ ಅಮ್ಮನ್ನ ಕೂರ್ಸಿ ಇಂಟರ್‌ವ್ಯೂ ಮಾಡ್ತಾರಲ್ಲ, ಡಿಗ್ರಿ ಏನು, ಮನೇಲಿ ಯಾವ ಭಾಷೆ, ಸಂಬಳ ಎಷ್ಟು, ಇದನ್ನ ಅದೇ ಆರ್‌ಟಿಇ ಕಾಯ್ದೆ ಬೇಡ ಅನ್ನುತ್ತೆ, ಮೊದಲ ಸಲಕ್ಕೆ 25,000 ರೂಪಾಯಿವರೆಗೆ, ಆಮೇಲೆ ಪ್ರತಿ ಸಲಕ್ಕೆ 50,000ವರೆಗೆ ದಂಡ ಅಂತ 13ನೇ ಸೆಕ್ಷನ್ನಲ್ಲೇ ಇದೆ. ಯಾರಾದ್ರೂ ಕಟ್ಟಿದ್ದು ನಾನಂತೂ ನೋಡಿಲ್ಲ. ಸ್ಕೂಲೇ ಜರಡಿ ಹಿಡ್ಕೊಂಡು ಕೂತಿರುವಾಗ ಗೇಟಲ್ಲಿರೋರು ಅದನ್ನೇ ಮುಂದುವರಿಸ್ತಾರೆ.

ಸರಿ, ಈಗ ನಿಮ್ಮ ವಿಷಯಕ್ಕೆ ಬರ್ತೀನಿ. ಆ ಗುಂಪಲ್ಲಿ ಇಲ್ದೇ ಇರೋದ್ರಿಂದ ನಿಮ್ಗೆ ನಿಜವಾಗ್ಲೂ ಏನು ನಷ್ಟ ಆಗ್ತಿದೆ ಅಂತ ಒಂದು ಸಲ ಕೂತು ಯೋಚ್ನೆ ಮಾಡಿ. ಸ್ನೇಹ ಅಲ್ಲ, ಅವರಲ್ಲೇ ಅದು ಅಷ್ಟಕ್ಕಷ್ಟೇ. ನಷ್ಟ ಆಗ್ತಿರೋದು ಸುದ್ದಿ. ಗುರುವಾರ ಬಣ್ಣದ ಡ್ರೆಸ್ ಹಾಕ್ಬೇಕು, ಆನ್ಯುಯಲ್ ಡೇ ಕಾಸ್ಟ್ಯೂಮ್ ಬಾಡಿಗೆಗೆ ಆ ಅಂಗಡೀಲಿ ಕಮ್ಮಿಗೆ ಸಿಗುತ್ತೆ, ಮ್ಯಾತ್ಸ್ ಮಿಸ್ ಬಿಟ್ಟು ಹೋಗ್ತಿದಾರೆ, ಅಬ್ಯಾಕಸ್ ಕ್ಲಾಸಿಗೆ ಮೂರು ಜನ ಒಟ್ಟಿಗೆ ಸೇರಿದ್ರೆ ಡಿಸ್ಕೌಂಟು, ಇಂಥವು. ಅವರ ದೊಡ್ಡಸ್ತಿಕೆ ನಿಂತಿರೋದು ಇದರ ಮೇಲೇ, ಈ ಸುದ್ದಿ ನಿಮ್ಗೆ ಬೇರೆ ಕಡೆ ಸಿಕ್ಕಿದ್ರೆ ಆ ಗುಂಪು ನಿಮ್ ಪಾಲಿಗೆ ಮರದ ಕೆಳಗೆ ನಿಂತಿರೋ ಐದಾರು ಹೆಂಗಸರು ಅಷ್ಟೇ.

ಬೇರೆ ಕಡೆ ಅಂದ್ರೆ ಎಲ್ಲಿ? ವ್ಯಾನ್ ಡ್ರೈವರ್ ಅಣ್ಣಂದಿರು. ಹತ್ತು ಮಕ್ಕಳನ್ನ ತುಂಬ್ಕೊಂಡು ಓಡಾಡೋರಿಗೆ ಯಾವ ಕ್ಲಾಸಿಗೆ ಎಷ್ಟೊತ್ತಿಗೆ ಬಿಡ್ತಾರೆ, ನಾಳೆ ಅರ್ಧ ದಿನವಾ, ಎಲ್ಲಾ ಪ್ರಿನ್ಸಿಪಾಲರಿಗಿಂತ ಮೊದಲು ಗೊತ್ತಿರುತ್ತೆ. ಆಯಾಗಳು. ನಮ್ ಸ್ಕೂಲಿನ ಆಯಮ್ಮ ಒಬ್ಬರಿಗೆ ನಾನು ಅವರ ಮಗಳ ಸೀಮಂತಕ್ಕೆ ಬ್ಲೌಸ್ ಹೊಲಿದು ಕೊಟ್ಟೆ, ದುಡ್ಡು ತಗೊಂಡೇ ಕೊಟ್ಟಿದ್ದು, ಆದ್ರೆ ಹೇಳಿದ ದಿನಕ್ಕೆ ಕೊಟ್ಟೆ. ಅವತ್ತಿಂದ ನನ್ನ ಮಗ ಬಿದ್ದು ಮಂಡಿ ತರಚಿಕೊಂಡ್ರೂ ಮಿಸ್ ಡೈರೀಲಿ ಬರೆಯೋಕೆ ಮುಂಚೆ ನಂಗೆ ತಿಳಿಯುತ್ತೆ. ಆಮೇಲೆ ತಾತಂದಿರು. ಗೇಟ್ ಹತ್ರ ತಾತಂದಿರನ್ನ ಗಮನಿಸಿದೀರಾ? ರಿಟೈರ್ಡ್ ಬ್ಯಾಂಕ್ ಮ್ಯಾನೇಜರು, ಬಿಎಂಟಿಸಿ ಕಂಡಕ್ಟರಾಗಿದ್ದೋರು, ತರಕಾರಿ ಮಂಡಿಯೋರು, ಎಲ್ಲಾ ಒಂದೇ ಕಟ್ಟೆ ಮೇಲೆ ಕೂತು ಶುಗರ್ರು, ಮಂಡಿನೋವು, ದೇವೇಗೌಡರು ಅಂತ ಮಾತಾಡ್ತಿರ್ತಾರೆ, ಅವರಿಗೆ ಯಾವ ಗುಂಪೂ ಇಲ್ಲ. ಅವರ ಸೊಸೆ ಮನೇಲಿ ಹೇಳಿದ್ದೆಲ್ಲಾ ಅಲ್ಲಿ ಹೊರಗೆ ಬರುತ್ತೆ. ನಮಸ್ಕಾರ ಅಂಕಲ್ ಅಂತ ಹೋಗಿ ನಿಂತ್ಕೊಳ್ಳಿ, ಸಾಕು.

ಮತ್ತೆ ನಿಮ್ ಥರವೇ ಒಂಟಿಯಾಗಿ ಫೋನ್ ನೋಡ್ತಿರೋ ಹಂಗೆ ನಟಿಸ್ತಾ ನಿಂತಿರೋ ಅಮ್ಮ ಒಬ್ರು ಇದ್ದೇ ಇರ್ತಾರೆ, ಲೇಟಾಗಿ ಬಂದು ಬೇಗ ಓಡೋರು. ಅವರನ್ನ ಮಾತಾಡ್ಸಿ. ಹಿಂದಿ ಬರುತ್ತೋ ತಮಿಳೋ ಏನಾದ್ರಾಗ್ಲಿ. ಎಳನೀರು ಗಾಡಿ ಹತ್ರ ನಂಗೆ ಸಿಕ್ಕ ಇಬ್ಬರು, ಒಬ್ರು ಗಾರ್ಮೆಂಟ್ಸಲ್ಲಿ ಸೂಪರ್‌ವೈಸರ್, ಇನ್ನೊಬ್ಬರು ಹೂವಿನ ಅಂಗಡಿಯೋರು, ಮಗಳು ಎಂಟನೇ ಕ್ಲಾಸ್ ಮುಗಿಸಿ ಆರ್‌ಟಿಇ ಮುಗಿದು ಒಂಬತ್ತನೇ ಕ್ಲಾಸಿಗೆ ಒಂದೇ ಸಲ ಫೀಸು ಹೊಂದಿಸೋ ಪಾಡು ಬಂದಾಗ, ನಾವು ಮೂರೂ ಜನ ಸೇರಿ ಆಫೀಸಿಗೆ ಹೋಗಿ ಕಂತು ಮಾಡಿಸ್ಕೊಂಡ್ ಬಂದ್ವಿ. ಒಬ್ಬಳೇ ಹೋಗಿದ್ರೆ ಬಾಗಿಲಲ್ಲೇ ಕಳಿಸ್ತಿದ್ರು.

ಇನ್ನು ಆ ಗುಂಪಿನೋರ ಬಗ್ಗೆ ಒಂದು ಮಾತು, ಅಂಗಡೀಲಿ ಟ್ರಯಲ್ ನೋಡುವಾಗ ಹೆಂಗಸರು ಏನೇನೋ ಹೇಳ್ಕೋತಾರೆ. ಗುಂಪಿನ ಲೀಡರ್ ಥರ ಇದ್ದೋರೇ ಒಬ್ಬರು ತೋಳು ಬಿಗಿ ಮಾಡಿಸ್ತಾ ನಿಂತಾಗ ಹೇಳಿದ್ರು, ರೆಸಾರ್ಟಿಗೆ ಹೋಗೋಣ ಅಂತ ಗ್ರೂಪಲ್ಲಿ ಪ್ಲಾನ್ ಮಾಡ್ತಿದಾರೆ, ತಲೆಗೆ ಆರು ಸಾವಿರ, ಈ ತಿಂಗಳು ಇಎಂಐ ಕಟ್ಟಿ ಕೈ ಖಾಲಿ, ಆಗಲ್ಲ ಅಂದ್ರೆ ಏನನ್ಕೋತಾರೋ ಅಂತ. ಹೊಟ್ಟೆನೋವು ಅಂತ ಸುಳ್ಳು ಹೇಳೋಕೆ ನನ್ನ ಹತ್ರ ಐಡಿಯಾ ಕೇಳ್ತಿದ್ರು! ಪಾಪ ಅನ್ನಿಸ್ತು, ಜಾಸ್ತಿ ಅಲ್ಲ, ಸ್ವಲ್ಪ.

ಬರ್ತ್‌ಡೇ ವಿಷಯ ನಿಮ್ಗೆ ನೋವಾಗಿದೆ ಅಂತ ಗೊತ್ತು. ಯುಕೆಜಿ ಮಗುವಿನ ಬರ್ತ್‌ಡೇ ಲಿಸ್ಟ್ ಮಾಡೋದು ಅಮ್ಮ, ಮಗು ಅಲ್ಲ. ನಾಲ್ಕನೇ ಕ್ಲಾಸ್ ಹೊತ್ತಿಗೆ ಮಕ್ಕಳೇ ಹೆಸರು ಹೇಳೋಕೆ ಶುರು ಮಾಡ್ತಾರೆ, 'ಅವಳು ಬರ್ಲಿಲ್ಲ ಅಂದ್ರೆ ನಂಗೆ ಕೇಕೇ ಬೇಡ' ಅಂತ ಹಟ ಹಿಡೀತಾರೆ, ಅಲ್ಲಿಗೆ ಅಮ್ಮಂದಿರ ಲಿಸ್ಟು ಕಸದಬುಟ್ಟಿಗೆ. ನನ್ನ ಮಗಳನ್ನ ಐದನೇ ಕ್ಲಾಸಲ್ಲಿ ಮನೆಗೆ ಕರೆದು ಕೂರ್ಸಿಕೊಂಡಿದ್ದು ಯಾರ ಮಗಳು ಗೊತ್ತಾ, ಲೈಟ್ ಕಂಬ ನೋಡ್ತಿದ್ರಲ್ಲ, ಅವರದ್ದೇ. ಇಬ್ಬರೂ ಖೋಖೋ ಟೀಮು.

ಆದ್ರೆ ಇದೇ ಕ್ಲಾಸಿನೊಳಗೆ ನಡೀತಿದ್ರೆ ಸುಮ್ನೆ ಇರ್ಬೇಡಿ. ಮಗಳನ್ನ ಯಾವಾಗ್ಲೂ ಹಿಂದಿನ ಬೆಂಚಿಗೇ ಹಾಕ್ತಿದ್ರೆ, ಡ್ಯಾನ್ಸಿಗೆ ಕಾಸ್ಟ್ಯೂಮ್ ದುಡ್ಡು ಕೊಡೋರನ್ನ ಮಾತ್ರ ತಗೋತಿದ್ರೆ, ಮಿಸ್ಸೇ ಆ ಗುಂಪಿನ ಜೊತೆ ನಿಂತು ನಗ್ತಿದ್ರೆ, ಮೊದಲು ಕ್ಲಾಸ್ ಟೀಚರ್, ಆಮೇಲೆ ಪ್ರಿನ್ಸಿಪಾಲ್‌ಗೆ ಬರವಣಿಗೇಲಿ ಕೊಡಿ, ಒಂದು ಕಾಪಿ ಮೇಲೆ ಸೀಲ್ ಹಾಕಿಸ್ಕೊಳ್ಳಿ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಬಿಇಓ, ಅಂದ್ರೆ ಕ್ಷೇತ್ರ ಶಿಕ್ಷಣಾಧಿಕಾರಿ ಆಫೀಸು. ಆಗ ಸ್ಕೂಲ್ ಬದಲಾಯಿಸೋ ಮಾತೂ ಆಡ್ಬಹುದು.

ನಿಮ್ ಮಗಳ ಬರ್ತ್‌ಡೇ ಡಿಸೆಂಬರಲ್ಲಿ ಅಂತ ಬರೆದಿದೀರ, ಎಲ್ಲರನ್ನೂ ಕರೀಬೇಕಾ ಅಂತ. ಕ್ಲಾಸಿಗೆಲ್ಲಾ ಚಾಕ್ಲೇಟ್ ಕೊಟ್ಟು ಕಳ್ಸಿ. ಮನೆಗೆ ಅವಳು ಹೆಸರು ಹೇಳಿದ ಮೂರ್ನಾಲ್ಕು ಮಕ್ಕಳನ್ನ ಕರೀರಿ, ಅವರ ಅಮ್ಮಂದಿರಿಗೆ ಫೋನ್ ಮಾಡಿ ಕರೀರಿ, ಗ್ರೂಪಲ್ಲಿ ಹಾಕ್ಬೇಡಿ. ರಿಟರ್ನ್ ಗಿಫ್ಟಿಗೆ ಒಂದು ಪೆನ್ಸಿಲ್ ಬಾಕ್ಸ್ ಸಾಕು. ಫ್ರಾಕ್ ಹೊಲಿಸೋದಿದ್ರೆ ಹದಿನೈದು ದಿನ ಮುಂಚೆ ಬಟ್ಟೆ ಕೊಡಿ, ಹಿಂದಿನ ದಿನ ತಂದ್ರೆ ಯಾವ ಟೈಲರೂ ನಿಮ್ ಮುಖ ನೋಡಲ್ಲ, ಅದಕ್ಕೆ ಬೇರೆ ಪ್ರಶ್ನೆ ಹಾಕ್ಬೇಕಾಗುತ್ತೆ.