ಬೈಬಲ್‌ನ 136ನೇ ಕೀರ್ತನೆಯಲ್ಲಿ ಒಂದೇ ಮಾತು ಯಾಕೆ ಪದೇ ಪದೇ ಬರುತ್ತದೆ?

ಅದರಲ್ಲಿ 26 ವಚನಗಳಿವೆ, ಇಪ್ಪತ್ತಾರೂ ಮುಗಿಯುವುದು ‘ಆತನ ಕೃಪೆ ಶಾಶ್ವತ’ ಎಂಬ ಅರ್ಥದ ಮಾತಿನಿಂದಲೇ. ಸುಮ್ನೆ ಕಣ್ಣಲ್ಲಿ ಓದಿದರೆ ಬೇಜಾರಾಗಬಹುದು, ಆದರೆ ಇದು ಹಾಡಲು ಬರೆದದ್ದು. ನಮ್ಮ ಅಂಕೋಲಾ ಕಡೆ ಹಾಲಕ್ಕಿ ಸಮುದಾಯದ ಹೆಂಗಸರು ಹಾಡುವಾಗ ಒಬ್ಬರು ಸಾಲು ಎತ್ತಿಕೊಡುತ್ತಾರೆ, ಉಳಿದವರು ಸೊಲ್ಲು ಹಿಡಿಯುತ್ತಾರೆ ಅಲ್ವಾ, ಇದನ್ನೂ ಹಾಗೇ ಒಬ್ಬರು ಹೇಳಿ ಜನ ದನಿಗೂಡಿಸುತ್ತಿದ್ದರು ಎಂದು ಬಲ್ಲವರು ಹೇಳುತ್ತಾರೆ.

135ನೇ ಕೀರ್ತನೆಯ ಪಕ್ಕ ಇಟ್ಟು ನೋಡಿ. ಐಗುಪ್ತದ (ಅಂದರೆ ಈಜಿಪ್ಟಿನ) ಚೊಚ್ಚಲ ಮಕ್ಕಳ ಸಾವು, ಇಸ್ರಾಯೇಲರನ್ನು ಎದುರಿಸಿದ ಸೀಹೋನ್ ಮತ್ತು ಓಗ್ ರಾಜರ ಸೋಲು ಅಲ್ಲೂ ಇವೆ. ಪಲ್ಲವಿ ಮಾತ್ರ ಇಲ್ಲ, ಘಟನೆಗಳು ಸರಸರ ಓಡುತ್ತವೆ. 136ರಲ್ಲಿ ಪ್ರತಿ ಘಟನೆಗೂ ಕಾರಣ ಕೃಪೆ ಎಂದು ಜನ ತಮ್ಮ ಬಾಯಿಂದಲೇ ಹೇಳಬೇಕು. ನನಗೆ ಜಾಸ್ತಿ ಇಷ್ಟ 25ನೇ ವಚನ: ಸಮುದ್ರ ಸೀಳಿದ್ದು, ರಾಜರು ಬಿದ್ದದ್ದು ಎಲ್ಲ ಮುಗಿದ ಮೇಲೆ ಜೀವಿಗಳಿಗೆಲ್ಲ ಆಹಾರ ಕೊಡುವ ಮಾತು, ಅದಕ್ಕೂ ಅದೇ ಪಲ್ಲವಿ.