ಅಡಿಕೆ ತೊಟ್ಟಿನೊಳಗೆ ಉಣ್ಣೆಯ ಉಂಡೆ

ಪ್ರಶ್ನೆ: ಅಕ್ಕಾ, ಫೋನಲ್ಲಿ ಶರತ್ಕಾಲದ ಆಭರಣ ಅಂತ ವಿಡಿಯೋ ನೋಡಿ ಮರುಳಾದೆ. ಓಕ್ ಕಾಯಿಯ ಟೊಪ್ಪಿಯೊಳಗೆ ಉಣ್ಣೆಯ ಪುಟ್ಟ ಉಂಡೆ ಕೂರಿಸಿ ಬೆಂಡೋಲೆ ಮಾಡ್ತಾರೆ, ಮೇಪಲ್ ಎಲೆಯ ಪದಕ ಮಾಡ್ತಾರೆ. ನಾನೂ ಪೇಟೆಯಿಂದ ಉಲ್ಲನ್ ನೂಲು ತಂದು ಎಳೆ ಬಿಡಿಸಿ ಸೋಪು ನೀರಲ್ಲಿ ಅರ್ಧ ಗಂಟೆ ತಿಕ್ಕಿದೆ, ಕೈ ಸುಕ್ಕಾಯ್ತೇ ಹೊರತು ಉಂಡೆ ಆಗಲಿಲ್ಲ. ಮತ್ತೆ ಓಕು ಮೇಪಲ್ಲು ನಮ್ಮ ಊರಲ್ಲಿ ಎಲ್ಲಿಂದ ತರುವುದು? — ಓದುಗಿ, ಬದಿಯಡ್ಕ

ಉತ್ತರ: ನಿಮ್ಮ ಕೈಯ ತಪ್ಪಲ್ಲ ತಂಗೀ, ನೂಲಿನ ತಪ್ಪು. ಪೇಟೆಯಲ್ಲಿ ಉಲ್ಲನ್ ಅಂತ ಕೊಡುವುದು ಹೆಚ್ಚಿನದ್ದೂ ಅಕ್ರಿಲಿಕ್, ಅಂದ್ರೆ ಪ್ಲಾಸ್ಟಿಕ್ಕಿನ ತಮ್ಮ. ಕುರಿಯ ಉಣ್ಣೆಯ ಎಳೆಯಲ್ಲಿ ಮೀನಿನ ಹುರುಪೆ ಹಾಗೆ ಸಣ್ಣ ಸಣ್ಣ ಪದರ ಉಂಟು, ಬಿಸಿ ನೀರು ಸೋಪು ತಾಗಿದಾಗ ಅದು ಬಿಚ್ಚಿಕೊಳ್ತದೆ, ತಿಕ್ಕುವಾಗ ಒಂದಕ್ಕೊಂದು ಸಿಕ್ಕಿಕೊಂಡು ಮತ್ತೆ ಬಿಡುವುದೇ ಇಲ್ಲ, ಫೆಲ್ಟ್ ಅಂದ್ರೆ ಅಷ್ಟೇ, ನೇಯ್ಗೆ ಇಲ್ಲ ಹೊಲಿಗೆ ಇಲ್ಲ. ಅಕ್ರಿಲಿಕ್ಕಿಗೆ ಆ ಪದರವೇ ಇಲ್ಲ, ನಾಳೆ ಬೆಳಗ್ಗಿನವರೆಗೆ ತಿಕ್ಕಿದರೂ ಅದು ನೂಲೇ. ಸಂಶಯ ಬಂದರೆ ಒಂದು ಎಳೆ ಸುಟ್ಟು ನೋಡಿ: ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ, ಕರಗಿ ಗಟ್ಟಿ ಮಣಿ ಆದರೆ ಅಕ್ರಿಲಿಕ್. ಕ್ರಾಫ್ಟ್ ಅಂಗಡಿಯ ಬಣ್ಣಬಣ್ಣದ ಫೆಲ್ಟ್ ಶೀಟೂ ಹೆಚ್ಚಾಗಿ ಹೀಗೇ, ಕತ್ತರಿಸಿ ಎಲೆ ಹೂವು ಮಾಡ್ಲಿಕ್ಕೆ ಅದು ಧಾರಾಳ ಸಾಕು, ಉಂಡೆಗೆ ಆಗ್ಲಿಕ್ಕಿಲ್ಲ. ಉಂಡೆಗೆ ನೂಲು ಮಾಡದ ಉಣ್ಣೆ, ರೋವಿಂಗ್ ಅಂತ ಕೇಳಿ ಆನ್‌ಲೈನಲ್ಲಿ ತರಿಸಿ. 1 ಗ್ರಾಮಿಗೆ ಸುಮಾರು 2 ಸೆಂಟಿಮೀಟರಿನ ಉಂಡೆ ಬರ್ತದೆ. ಮೊದಲು ಅಕ್ಕಿ ಉಂಡೆ ಕಟ್ಟುವಾಗಿನ ಹಾಗೆ ಮೆಲ್ಲಗೆ ಉರುಳಿಸಿ, ಮೇಲಿನ ಸಿಪ್ಪೆ ಗಟ್ಟಿಯಾದ ಮೇಲೆಯೇ ಒತ್ತಬೇಕು, ಮೊದಲೇ ಒತ್ತಿದರೆ ಬಿರುಕು ಬೀಳ್ತದೆ, ಆ ಬಿರುಕು ಮತ್ತೆ ಮುಚ್ಚುವುದಿಲ್ಲ.

ಇನ್ನು ಟೊಪ್ಪಿ. ಓಕ್ ಯಾಕೆ ಮಾರಾಯ್ತಿ, ನಿಮ್ಮ ಅಂಗಳದಲ್ಲಿ ಚಾಲಿಗೆ, ಅಂದ್ರೆ ಸಿಪ್ಪೆ ಸಮೇತ ಬಿಸಿಲಲ್ಲಿ ಒಣಗಲಿಕ್ಕೆ, ಹಾಕಿದ ಅಡಿಕೆ ಉಂಟಲ್ವಾ? ಅದರ ತೊಟ್ಟು ನೋಡಿ, ಒಣಗಿದಾಗ ಕಂದು ಬಣ್ಣ, ಗಟ್ಟಿ, ಒಂದರ ಮೇಲೊಂದು ಕೂತ ಎಸಳು, ಒಳಗೆ ಬಟ್ಟಲಿನ ಹಾಗೆ ಗುಳಿ. ಸುಲಿದ ಸಿಪ್ಪೆಯ ರಾಶಿಯಲ್ಲಿ ಬೊಗಸೆಗಟ್ಟಲೆ ಸಿಗ್ತದೆ. ಸಣ್ಣ ತೊಟ್ಟೇ ಆರಿಸಿ, ಇಲ್ಲಾಂದ್ರೆ ಓಲೆ ಅಲ್ಲ ಗಂಟೆ ನೇತು ಹಾಕಿದ ಹಾಗೆ ಕಾಣ್ತದೆ. ಎರಡು ದಿನ ಬಿಸಿಲಿಗಿಟ್ಟು, ಹಲ್ಲುಜ್ಜುವ ಹಳೇ ಬ್ರಷ್ಷಿನಲ್ಲಿ ತಿಕ್ಕಿ, ನಡುವಿಗೆ ಕಾಯಿಸಿದ ದಬ್ಬಣದಲ್ಲಿ ತೂತು ಮಾಡಿ, ಉಂಡೆಯನ್ನು ನೂಲಿನಿಂದ ಪೋಣಿಸಿ ಮೇಲೆ ಎಳೆದು ಕಟ್ಟಿ. ಬರೀ ಬಿಳಿ ಅಂಟನ್ನು ನಂಬಬೇಡಿ, ನಮ್ಮ ಆಟಿ ತಿಂಗಳ ಮಳೆಯ ಥಂಡಿಗೆ ಅದು ಮೆತ್ತಗಾಗಿ ಉಂಡೆ ಮದುವೆ ಊಟದ ಎಲೆಗೇ ಬಿದ್ದೀತು (ನನ್ನದು ಬಿದ್ದದ್ದು ಸಾರಿಗೆ).

ಬಣ್ಣಕ್ಕೆ ನೀರುಳ್ಳಿ ಸಿಪ್ಪೆ. ಉಣ್ಣೆಯನ್ನು ಮೊದಲು ಪಟಿಕದ ನೀರಲ್ಲಿ, 100 ಗ್ರಾಂ ಉಣ್ಣೆಗೆ 10 ಗ್ರಾಂ ಪಟಿಕದ ಲೆಕ್ಕ, ಸಣ್ಣ ಉರಿಯಲ್ಲಿ ಒಂದು ಗಂಟೆ ಇಡಿ, ಮತ್ತೆ ಸಿಪ್ಪೆ ಬೇಯಿಸಿ ಸೋಸಿದ ನೀರಿಗೆ ಹಾಕಿ. ವಿಡಿಯೋದಲ್ಲಿ ಕಂಡ ಆ ತುಕ್ಕಿನ ಕೆಂಪು, ಹಣ್ಣೆಲೆಯ ಹಳದಿ ಎಲ್ಲ ಬರ್ತದೆ. ಕೊತಕೊತ ಕುದಿಸುವುದು, ಕಡಗೋಲಿನ ಹಾಗೆ ತಿರುಗಿಸುವುದು ಬೇಡ, ಪಾತ್ರೆಯಲ್ಲೇ ಫೆಲ್ಟ್ ಆಗಿ ಕೂತೀತು. ಅರಿಶಿನ ಚಂದ, ಆದ್ರೆ ಬಿಸಿಲಿಗೆ ಬೇಗ ಮಾಸ್ತದೆ.

ಎಲೆಯ ಪದಕ ಬೇಕಾದರೆ ಬಾದಾಮಿ ಮರ ಉಂಟಲ್ಲ, ಮಕರ ತಿಂಗಳಲ್ಲಿ ಅದರ ಎಲೆ ಕೆಂಪಾಗಿ ಬೀಳುವುದನ್ನು ನೋಡಿದರೆ ಮೇಪಲ್ಲಿನವರೂ ನಾಚಬೇಕು. ತುಂಬ ದೊಡ್ಡ ಎಲೆ, ಹಾಗಾಗಿ ಅದರ ಬಣ್ಣ ನೋಡಿಕೊಂಡು ಫೆಲ್ಟ್ ಶೀಟಲ್ಲಿ ಪುಟ್ಟ ಎಲೆ ಕತ್ತರಿಸಿ, ನರಗಳನ್ನು ದಾರದಲ್ಲಿ ಹೊಲಿಯಿರಿ, ಹಿಂದೆ ಅಡಿಕೆ ಹಾಳೆಯ ತುಂಡು ಕೊಡಿ. ತಲೆಗಿಡುವ ಮುಟ್ಟಾಳೆ ಟೊಪ್ಪಿ ಆಗುವ ಹಾಳೆ ಪದಕ ಆಗದಾ?

ಪ್ರಶ್ನೆ: ಮಗಳಿಗೆ ಶಾಲೆಯ ಕ್ರಾಫ್ಟ್ ಮೇಳಕ್ಕೆ ಗುಲಗಂಜಿ ಸರ ಮಾಡಿಸುವ ಅಂತ ಇದ್ದೇನೆ. ತೂತು ಮಾಡುವುದು ಹೇಗೆ? — ಓದುಗ, ಮಂಜೇಶ್ವರ

ಉತ್ತರ: ಮಾಡ್ಲೇಬೇಡಿ ಅಣ್ಣಾ. ಮಲಯಾಳದಲ್ಲಿ ಕುನ್ನಿಕ್ಕುರು ಅನ್ನುವ ಆ ಕಪ್ಪು ಚುಕ್ಕಿಯ ಬೀಜದೊಳಗೆ ಅಬ್ರಿನ್ ಅನ್ನುವ ಘೋರ ವಿಷ ಉಂಟು. ಸಿಪ್ಪೆ ಗಟ್ಟಿ ಇರುವುದರಿಂದ ಇಡೀ ಬೀಜ ಅಷ್ಟು ಉಪದ್ರ ಕೊಡ್ಲಿಕ್ಕಿಲ್ಲ, ಆದ್ರೆ ನೀವು ತೂತು ಮಾಡ್ತೀರಿ ಅಂದ್ರೆ ಆ ಕೋಟೆಯ ಬಾಗಿಲನ್ನೇ ತೆಗೆದ ಹಾಗೆ, ಹುಡಿ ಕಣ್ಣಿಗೆ ಮೂಗಿಗೆ ಹೋಗ್ತದೆ, ಮತ್ತೆ ಮಕ್ಕಳು ಸರ ಬಾಯಿಗೆ ಹಾಕದೆ ಇರ್ತಾರಾ. 2011ರಲ್ಲಿ ಇಂಗ್ಲೆಂಡಿನಲ್ಲಿ ಇದೇ ಬೀಜದ ಬ್ರೇಸ್ಲೆಟ್ ಮಾರಿ ಮತ್ತೆ ವಾಪಸ್ ಕೊಡಿ ಅಂತ ಜನರಿಗೆ ಹೇಳಬೇಕಾಗಿ ಬಂದಿತ್ತು.

ಅದರ ಬದಲು ಮಂಜೊಟ್ಟಿ. ಗುರುವಾಯೂರಿಗೆ ಹೋದಾಗ ಉರುಳಿಯಲ್ಲಿ ಮಕ್ಕಳು ಕೈ ಹಾಕಿ ವಾರುವ ಮಂಜಾಡಿ, ನಮ್ಮ ಅಜ್ಜಿಯಂದಿರ ಚೆನ್ನೆಮಣೆಯ 14 ಗುಳಿಗೆ ನಾಲ್ಕು ನಾಲ್ಕು ಹಾಕುವ ಕಾಯಿ, ಅದೇ. ಇಡೀ ಕೆಂಪು, ಚುಕ್ಕಿ ಇಲ್ಲ. ಇದನ್ನೂ ಹಸಿ ತಿನ್ನುವುದಲ್ಲ, ಮಕ್ಕಳಿಗೆ ಹೇಳಿಡಿ. 1 ಮಿಲಿಮೀಟರಿನ ಡ್ರಿಲ್ ಬಿಟ್ ಹಿಡಿದು, ಬೀಜವನ್ನು ಮೇಣದಲ್ಲಿ ಕೂರಿಸಿ ನೀವೇ ಕೊರೆಯಿರಿ, ಮಗಳು ಪೋಣಿಸಲಿ. ಎರಡು ಮಂಜೊಟ್ಟಿಯ ನಡುವೆ ಒಂದು ಬೂದು ಉಣ್ಣೆಯ ಉಂಡೆ ಹಾಕಿ ನೋಡಿ, ಕೆಂಪು ಆಗ ಎದ್ದು ಕಾಣ್ತದೆ.

ಪ್ರಶ್ನೆ: ಫೆಲ್ಟಿನ ಓಲೆ ಹಾಕಿದರೆ ಕಿವಿ ತುರಿಸಿ ನೀರು ಬರ್ತದೆ. ಉಣ್ಣೆ ಆಗುವುದಿಲ್ವಾ ನನಗೆ? — ಓದುಗಿ, ಕುಂಬಳೆ

ಉತ್ತರ: ಉಂಡೆ ಕಿವಿಯ ತೂತಿಗೆ ತಾಗುವುದೇ ಇಲ್ಲವಲ್ಲ, ತಾಗುವುದು ಕೊಕ್ಕೆ. ಅಗ್ಗದ ಕೊಕ್ಕೆಯಲ್ಲಿ ನಿಕಲ್ ಇರ್ತದೆ, ನಮ್ಮ ಕಡೆಯ ಬೆವರಿಗೆ ಅದು ಬಿಟ್ಟುಕೊಂಡು ಕೆಲವರಿಗೆ ಅಲರ್ಜಿ ಮಾಡ್ತದೆ. ಕಿವಿ ಪೂರ್ತಿ ಒಣಗುವವರೆಗೆ ಏನೂ ಹಾಕಬೇಡಿ, ಒಣಗದಿದ್ದರೆ ಡಾಕ್ಟರಿಗೆ ತೋರಿಸಿ. ಮತ್ತೆ ಹಳೇ ಬೆಳ್ಳಿ ಓಲೆಯ ಕೊಕ್ಕೆ ಇದ್ದರೆ ಅದನ್ನೇ ಬಿಚ್ಚಿ ಇದಕ್ಕೆ ಹಾಕಿಸಿಕೊಳ್ಳಿ, ಅಕ್ಕಸಾಲಿಗರು ಐದು ನಿಮಿಷದಲ್ಲಿ ಮಾಡಿ ಕೊಡ್ತಾರೆ.