ತೂಕದ ಯಂತ್ರದ ಮುಂದೆ ತಲೆ ತಗ್ಗಿಸಬೇಕೆ?

ಪ್ರಶ್ನೆ: ನನಗೆ 29 ವರ್ಷ, ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಮನೆ. ಇದು ಎರಡನೆಯ ಗರ್ಭ, 20 ವಾರ ಮುಗಿದಿದೆ. ಎತ್ತರ 155 ಸೆಂಟಿಮೀಟರ್. ಬಸುರಿಯಾಗುವ ಮೊದಲು 74 ಕಿಲೋ ಇದ್ದೆ, ಈಗ 79. ಕಳೆದ ತಪಾಸಣೆಯ ದಿನ ದಾದಿಯೊಬ್ಬರು ನನ್ನ ತೂಕವನ್ನು ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಓದಿದರು. ಯಾರೋ ಮಲಯಾಳದಲ್ಲಿ ‘ತಡಿಚ್ಚಿ’ (ದಪ್ಪಗಿನವಳು) ಎಂದದ್ದೂ ಉಳಿದವರು ನಕ್ಕದ್ದೂ ಕಿವಿಗೆ ಬಿತ್ತು. ಒಳಗೆ ಡಾಕ್ಟರು ತಲೆಯೆತ್ತದೆಯೇ, ‘ಹೀಗೆ ತಿಂದರೆ ಹೆರಿಗೆ ಹೇಗಮ್ಮ?’ ಎಂದರು. ಅಂದಿನಿಂದ ರಾತ್ರಿಯ ಊಟ ಬಿಟ್ಟಿದ್ದೇನೆ. ಸ್ಕ್ಯಾನಿಂಗಿಗೆ ಕೊಟ್ಟ ದಿನ ಹೋಗಲೂ ಇಲ್ಲ. ತಪ್ಪು ನನ್ನದೇ ಅಲ್ಲವೇ?

ಉತ್ತರ: ತಾಯಿ, ಮೊದಲು ಸ್ಕ್ಯಾನಿಂಗಿನ ಮಾತು. ಮಗುವಿನ ಅಂಗಾಂಗಗಳ ರಚನೆಯನ್ನು ನೋಡುವ ಈ ಪರೀಕ್ಷೆಯನ್ನು ಸಾಮಾನ್ಯವಾಗಿ 18ರಿಂದ 22ನೇ ವಾರದೊಳಗೆ ಮಾಡುತ್ತಾರೆ. ನಿಮಗೆ ಉಳಿದಿರುವ ದಿನಗಳು ಕಡಿಮೆ, ಆದ್ದರಿಂದ ಈ ವಾರವೇ ಹೋಗಿ. ಆ ಆಸ್ಪತ್ರೆಯ ಮೆಟ್ಟಿಲು ಹತ್ತಲು ಮನಸ್ಸಾಗದಿದ್ದರೆ ಬೇರೆಡೆಗಾದರೂ ಹೋಗಿ. ರಾತ್ರಿಯ ಊಟವನ್ನು ಇಂದಿನಿಂದಲೇ ಮತ್ತೆ ಆರಂಭಿಸಿ. ಗರ್ಭಿಣಿಯಾಗಿರುವಾಗ ಉಪವಾಸವಿದ್ದು ತೂಕ ಇಳಿಸುವುದನ್ನು ಯಾವ ವೈದ್ಯಶಾಸ್ತ್ರವೂ ಹೇಳುವುದಿಲ್ಲ.

ತೂಕದ ವಿಚಾರವನ್ನು ನಿಮ್ಮಿಂದ ಮುಚ್ಚಿಡುವುದು ನ್ಯಾಯವಲ್ಲ. ನೀವು ಬರೆದ ಲೆಕ್ಕದಂತೆ ಗರ್ಭಕ್ಕೆ ಮುಂಚಿನ ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ನೋಡುವ ತೂಕದ ಅಳತೆ, 31ರ ಹತ್ತಿರ ಬರುತ್ತದೆ. ಇಂಥವರಲ್ಲಿ ಗರ್ಭಕಾಲದ ಸಕ್ಕರೆ ಕಾಯಿಲೆ, ರಕ್ತದೊತ್ತಡ ಮತ್ತು ಸಿಸೇರಿಯನ್ನಿನ ಸಾಧ್ಯತೆ ಹೆಚ್ಚು ಎಂಬುದು ನಿಜ. ಸಾಧ್ಯತೆ ಹೆಚ್ಚು ಎಂದ ಮಾತ್ರಕ್ಕೆ ಆಗಿಯೇ ತೀರುತ್ತದೆ ಎಂದಲ್ಲ. ಅದನ್ನು ಬೇಗ ಕಂಡುಹಿಡಿಯುವುದಕ್ಕಾಗಿಯೇ ತಪಾಸಣೆಗಳಿರುವುದು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಹೇಳಿದ ಪ್ರಕಾರ, ಬಿಎಂಐ 30 ದಾಟಿದವರು ಇಡೀ ಗರ್ಭಾವಧಿಯಲ್ಲಿ 5ರಿಂದ 9 ಕಿಲೋ ಏರಬಹುದು. ನೀವು 5 ಕಿಲೋ ಏರಿದ್ದೀರಿ. ಇನ್ನು ಮುಂದೆ ನಿಧಾನವಾಗಲಿ ಎಂದು ಮೆತ್ತಗೆ ಹೇಳಬಹುದಾದ ಸ್ಥಿತಿ ಇದು, ಸಾಲಿನಲ್ಲಿ ನಿಲ್ಲಿಸಿ ಅವಮಾನಿಸುವ ಸ್ಥಿತಿಯಲ್ಲ.

ನಿಮಗಾದದ್ದನ್ನು ಸಂಶೋಧಕರು ‘ತೂಕದ ಕಳಂಕ’ ಎಂದು ಕರೆಯುತ್ತಾರೆ. ಮೈಯ ಗಾತ್ರ ನೋಡಿಯೇ ಒಬ್ಬರನ್ನು ಸೋಮಾರಿ, ಬಾಯಿಚಪಲದವರು, ಹೇಳಿದ್ದು ಕೇಳದವರು ಎಂದು ತೀರ್ಮಾನಿಸಿಬಿಡುವುದು ಇದರ ತಿರುಳು. 2013ರಲ್ಲಿ ಆಸ್ಟ್ರೇಲಿಯದಿಂದ ಬಂದ ಒಂದು ಅಧ್ಯಯನವು 627 ತಾಯಂದಿರನ್ನು ವಿಚಾರಿಸಿದಾಗ, ಬಿಎಂಐ ಹೆಚ್ಚಿದ್ದವರೇ ಗರ್ಭಕಾಲದಲ್ಲೂ ಹೆರಿಗೆಯ ನಂತರವೂ ತಮಗೆ ಸಿಕ್ಕ ಆರೈಕೆಯ ಬಗ್ಗೆ ಹೆಚ್ಚು ನೋವಿನ ಅನುಭವ ಹೇಳಿದರು. ಅದೇ ಅಧ್ಯಯನದ ಇನ್ನೊಂದು ಭಾಗದಲ್ಲಿ, ವೈದ್ಯಕೀಯ ಮತ್ತು ಸೂಲಗಿತ್ತಿ ಶಿಕ್ಷಣ ಪಡೆಯುತ್ತಿದ್ದ 248 ಮಂದಿಗೆ ಕಾಲ್ಪನಿಕ ಗರ್ಭಿಣಿಯರ ವಿವರ ಕೊಟ್ಟು ನೋಡಲಾಯಿತು. ದಪ್ಪಗಿರುವ ಗರ್ಭಿಣಿ ತನ್ನನ್ನು ತಾನು ಸರಿಯಾಗಿ ನೋಡಿಕೊಳ್ಳುವುದಿಲ್ಲ ಎಂಬ ಭಾವನೆ ಅವರಲ್ಲಿ ಆಗಲೇ ಬೇರೂರಿತ್ತು. ಇನ್ನೂ ಕಲಿಯುತ್ತಿರುವವರ ಮನಸ್ಸಿನಲ್ಲೇ ಹೀಗಿದ್ದರೆ, ಅನುಭವಿ ವೈದ್ಯರ ಕೋಣೆಯಲ್ಲಿ ನೀವು ಕೇಳಿದ ಮಾತು ಎಲ್ಲಿಂದ ಬಂತು ಎಂದು ಹುಡುಕಬೇಕಾಗಿಲ್ಲ. ಅಮೆರಿಕದಲ್ಲಿ 501 ಗರ್ಭಿಣಿಯರನ್ನೂ ಬಾಣಂತಿಯರನ್ನೂ ಕೇಳಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಐವರಲ್ಲಿ ಒಬ್ಬರು ಆರೋಗ್ಯ ಸೇವೆಯ ಜಾಗದಲ್ಲೇ ಇಂಥದ್ದನ್ನು ಅನುಭವಿಸಿದ್ದಾಗಿ ಹೇಳಿದರು.

‘ಖಾರವಾಗಿ ಹೇಳಿದರೆ ಬುದ್ಧಿ ಬಂದೀತು’ ಎಂದು ನನ್ನ ಸಹೋದ್ಯೋಗಿಗಳಲ್ಲಿ ಹಲವರು ಪ್ರಾಮಾಣಿಕವಾಗಿಯೇ ನಂಬಿದ್ದಾರೆ. ಆದರೆ ನಮ್ಮ ಬಳಿ ಇರುವ ಪುರಾವೆ ಇದಕ್ಕೆ ವಿರುದ್ಧವಾಗಿದೆ. ಅಮೆರಿಕದ 50 ದಾಟಿದ 6,000ಕ್ಕೂ ಹೆಚ್ಚು ಮಂದಿಯನ್ನು 2006ರಿಂದ 2010ರವರೆಗೆ ಗಮನಿಸಿದಾಗ, ತೂಕದ ಕಾರಣಕ್ಕೆ ಕೀಳಾಗಿ ಕಂಡದ್ದನ್ನು ಅನುಭವಿಸಿದವರು ಮುಂದೆ ಬೊಜ್ಜಿನ ಹಂತಕ್ಕೆ ಹೋಗುವ ಸಾಧ್ಯತೆ ಉಳಿದವರಿಗಿಂತ ಎರಡೂವರೆ ಪಟ್ಟಿನಷ್ಟಿತ್ತು. ಅವಮಾನವಾದಾಗ ಒತ್ತಡದ ಹಾರ್ಮೋನ್ ಏರುತ್ತದೆ, ನಿದ್ದೆ ಕೆಡುತ್ತದೆ, ಊಟದ ಕ್ರಮ ತಪ್ಪುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಆಸ್ಪತ್ರೆಯೇ ಬೇಡವೆನಿಸುತ್ತದೆ. ನಿಮ್ಮ ವಿಷಯದಲ್ಲಿ ಅದೇ ಆಯಿತು: ಒಂದು ಮಾತು ಒಂದು ಸ್ಕ್ಯಾನಿಂಗನ್ನು ತಪ್ಪಿಸಿತು. ಒಂದು ದಿನದಲ್ಲಿ ನೂರಾರು ಮಂದಿಯನ್ನು ನೋಡಬೇಕಾದ ವೈದ್ಯರ ದಣಿವನ್ನು ನಾನು ಬಲ್ಲೆ, ಆದರೂ ಆ ಮಾತನ್ನು ಸಮರ್ಥಿಸಲಾರೆ.

ತಪ್ಪು ನನ್ನದೇ ಅಲ್ಲವೇ ಎಂದು ಕೇಳಿದಿರಿ. ದೇಹದ ತೂಕ ಪೂರ್ತಿಯಾಗಿ ಒಬ್ಬರ ಇಚ್ಛೆಯ ಹಿಡಿತದಲ್ಲಿದೆ ಎಂಬ ನಂಬಿಕೆಗೆ ವಿಜ್ಞಾನದ ಆಧಾರವಿಲ್ಲವೆಂದು 36 ತಜ್ಞರ ಅಂತರರಾಷ್ಟ್ರೀಯ ತಂಡವೊಂದು 2020ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಸ್ಪಷ್ಟವಾಗಿ ಬರೆದಿದೆ. ವಂಶ, ಹಾರ್ಮೋನು, ನಿದ್ದೆ, ಔಷಧಿ, ಹಿಂದಿನ ಹೆರಿಗೆ ಎಲ್ಲಕ್ಕೂ ಅದರಲ್ಲಿ ಪಾಲಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕೇರಳದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ 100ಕ್ಕೆ ಸುಮಾರು 38 ಮಂದಿಯ ತೂಕ ನಿಗದಿತ ಮಿತಿಗಿಂತ ಹೆಚ್ಚು. ಆ ದಿನ ಸಾಲಿನಲ್ಲಿ ನಕ್ಕವರಲ್ಲೂ ಅಂಥವರು ಇದ್ದಿರಬಹುದು.

ಮುಂದಿನ ಬಾರಿ ಹೋದಾಗ ತೂಕವನ್ನು ಗಟ್ಟಿಯಾಗಿ ಓದದೆ ಪುಸ್ತಕದಲ್ಲಿ ಬರೆಯುವಂತೆ ಕೇಳಿಕೊಳ್ಳಿ; ಹಾಗೆ ಕೇಳುವ ಹಕ್ಕು ನಿಮಗಿದೆ. ಮಲಯಾಳದಲ್ಲಿ ಉತ್ತರಿಸಲು ನಾಲಿಗೆ ತಡವರಿಸುವುದಾದರೆ ಭಾಷೆ ಬಲ್ಲ ಒಬ್ಬರನ್ನೋ ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯನ್ನೋ ಜೊತೆಗೆ ಕರೆದುಕೊಂಡು ಹೋಗಿ. ತೋಳು ದಪ್ಪವಿದ್ದರೆ ರಕ್ತದೊತ್ತಡ ನೋಡಲು ದೊಡ್ಡ ಪಟ್ಟಿಯನ್ನೇ ಸುತ್ತಬೇಕು, ಏಕೆಂದರೆ ಚಿಕ್ಕ ಪಟ್ಟಿ ಇರುವುದಕ್ಕಿಂತ ಹೆಚ್ಚಿನ ಒತ್ತಡವನ್ನು ತೋರಿಸುತ್ತದೆ. ಸ್ಕ್ಯಾನಿಂಗಿನಲ್ಲಿ ಚಿತ್ರ ಸ್ಪಷ್ಟವಾಗದೆ ಇನ್ನೊಮ್ಮೆ ಬರಲು ಹೇಳಿದರೆ ಅಳುಕಬೇಡಿ, ಹೊಟ್ಟೆಯ ಕೊಬ್ಬಿನ ಪದರ ದಾಟಿ ನೋಡುವುದು ಯಂತ್ರಕ್ಕೆ ಕಷ್ಟ. 24ರಿಂದ 28ನೇ ವಾರದೊಳಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ಸಕ್ಕರೆ ನೋಡುವ ಪರೀಕ್ಷೆ ಇದೆ. ಅದು 140 ಮುಟ್ಟಿದರೆ ಚಿಕಿತ್ಸೆ ಬೇಕು. ಆ ದಿನವನ್ನು ಮಾತ್ರ ತಪ್ಪಿಸಬೇಡಿ.

ಪ್ರಶ್ನೆ: ಸೊಸೆಗೆ ಹೆರಿಗೆಯಾಗಿ ನಾಲ್ಕು ತಿಂಗಳು. ಮೈ ಇಳಿದಿಲ್ಲ. ತೊಟ್ಟಿಲು ನೋಡಲು ಬಂದವರೆಲ್ಲ ಅದನ್ನೇ ಆಡುತ್ತಾರೆ, ನಾನೂ ಒಮ್ಮೆ ಹೇಳಿಬಿಟ್ಟೆ. ಈಗ ಆಕೆ ಮಾತು ಕಡಿಮೆ ಮಾಡಿದ್ದಾಳೆ. ಲೇಹ್ಯ ನಿಲ್ಲಿಸಬೇಕೆ? – ಓರ್ವ ಅತ್ತೆ, ಕುಂಬಳೆ

ಉತ್ತರ: ಅಮ್ಮಾ, ಲೇಹ್ಯದಲ್ಲಿ ಬೆಲ್ಲ, ತುಪ್ಪ ಹೆಚ್ಚಿದ್ದರೆ ಪ್ರಮಾಣ ಕಡಿಮೆ ಮಾಡಬಹುದು, ಆದರೆ ಊಟ ಕಡಿಮೆ ಮಾಡಬಾರದು. ಮೊದಲ ಆರು ತಿಂಗಳು ಹಾಲೂಡಿಸುವ ತಾಯಿಗೆ ದಿನಕ್ಕೆ 600 ಕ್ಯಾಲೊರಿಯಷ್ಟು ಹೆಚ್ಚುವರಿ ಆಹಾರ ಬೇಕೆಂದು ನಮ್ಮ ದೇಶದ ಪೌಷ್ಟಿಕತೆಯ ತಜ್ಞರೇ ಹೇಳುತ್ತಾರೆ. ನನಗೆ ಕಾಳಜಿಯಾದದ್ದು ಆಕೆಯ ಮೌನ. ಗರ್ಭದಲ್ಲೂ ಬಾಣಂತನದಲ್ಲೂ ತೂಕದ ಮಾತು ಕೇಳಿದವರಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚು ಎಂದು ಅಮೆರಿಕದ ಆಂಜೆಲಾ ಇಂಕೊಲಿಂಗೊ ರೋಡ್ರಿಗಸ್ ಮತ್ತು ಅವರ ಜೊತೆಗಾರರ ಅಧ್ಯಯನಗಳು ಕಂಡಿವೆ. ನೀವು ಆಡಿದ ಮಾತಿಗೆ ನೀವೇ ನೊಂದಿದ್ದೀರಿ. ಅದನ್ನು ಆಕೆಯ ಹತ್ತಿರ ಕುಳಿತು ಹೇಳಿ. ನೆಂಟರು ಮತ್ತೆ ಆ ವಿಷಯ ತೆಗೆದರೆ ಆಕೆಯ ಎದುರಿಗೇ ತಡೆಯಿರಿ, ಮನೆಯ ಹಿರಿಯರ ಬಾಯಿಂದ ಬಂದ ತಡೆಗೆ ಬೆಲೆ ಇದೆ. ನಿದ್ದೆ ಬಾರದಿರುವುದು, ಕಾರಣವಿಲ್ಲದ ಅಳು, ಮಗುವಿನ ಮೇಲೆ ಮನಸ್ಸಿಲ್ಲದಿರುವುದು ಎರಡು ವಾರ ಮುಂದುವರಿದರೆ ವೈದ್ಯರಿಗೆ ತೋರಿಸಿ. ತನ್ನ ಜೀವಕ್ಕೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಮಾತು ಬಂದರೆ ಕಾಯಬೇಡಿ, ಕೂಡಲೇ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತನಾಡಬಹುದು.